ಪೋರ್ಟ್, ಹಾರ್ಬರ್, ಜೆಟ್ಟಿ, ಬರ್ತ್: ಎಲ್ಲವೂ ‘ಬಂದರು’ ಅಲ್ಲ

ಪೋರ್ಟ್ ಪದದ ಅರ್ಥ, ಬಳಕೆ, ಸಮಾನಾರ್ಥಕಗಳ ಪಟ್ಟಿ ಬೇಕು, ಹಾರ್ಬರ್ ಅಂತ ಬರೆದರೂ ನಡೆಯುತ್ತದಾ ಎಂದು ಕೇಳಿದ್ದೀರಿ. ಆ ಪಟ್ಟಿ ನನಗೂ ಬಾಯಿಪಾಠವಾಗಿತ್ತು: ಹಾರ್ಬರ್, ಹೇವನ್, ಡಾಕ್, ವಾರ್ಫ್, ಕೀ, ಜೆಟ್ಟಿ, ಬರ್ತ್. ಕಾರವಾರದಲ್ಲಿ ಹಡಗಿನ ಕಾಗದಪತ್ರ ಬರೆಯುವ ಕೆಲಸ ಹಿಡಿದ ಮೇಲೆ ಅದನ್ನು ಪಕ್ಕಕ್ಕಿಟ್ಟೆ. ಇವು ಸಮಾನಾರ್ಥಕಗಳೇ ಅಲ್ಲ. ಒಂದೇ ಜಾಗದ ಬೇರೆ ಬೇರೆ ಭಾಗಗಳ ಹೆಸರುಗಳು.

ಗೊಂದಲ ಹುಟ್ಟುವುದು ನಮ್ಮ ‘ಬಂದರು’ ಪದದಿಂದ. ಫಾರಸಿಯಿಂದ ಬಂದ ಈ ಒಂದೇ ಪದದಲ್ಲಿ ನಾವು ವಾಣಿಜ್ಯ ಬಂದರನ್ನೂ ಮೀನುಗಾರಿಕೆ ಬಂದರನ್ನೂ ಹೇಳಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ಕಮರ್ಷಿಯಲ್ ಪೋರ್ಟ್, ಎರಡನೆಯದು ಫಿಶಿಂಗ್ ಹಾರ್ಬರ್. ಕಾರವಾರದ ಬೈತಖೋಲದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ, ಹೋಗಿ ನೋಡಿದರೆ ನಿಘಂಟಿಗಿಂತ ಬೇಗ ಅರ್ಥವಾಗುತ್ತದೆ.

ಗುಡ್ಡದ ಮರೆಯಲ್ಲಿ, ಅಲೆ ತಡೆಗೋಡೆಯ ಒಳಗೆ ನೀರು ಶಾಂತವಾಗಿರುತ್ತದಲ್ಲ, ಆ ನೀರೇ ಹಾರ್ಬರ್. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಆಸರೆ, ತಂಗುದಾಣ ಎಂಬ ಅರ್ಥವಿತ್ತು. ಅದೇ ನೀರಿಗೆ ಹಡಗು ಕಟ್ಟುವ ಕಟ್ಟೆ, ಕ್ರೇನು, ಗೋದಾಮು, ಕಸ್ಟಮ್ಸ್, ಬಂದರು ಅಧಿಕಾರಿ, ದಸ್ತೂರಿ (ಬಂದರಿನ ಶುಲ್ಕ), ನಕಾಶೆಯಲ್ಲಿ ಗುರುತಿಸಿದ ಗಡಿ ಇವೆಲ್ಲ ಸೇರಿದರೆ ಪೋರ್ಟ್. ಶಿರಸಿಯ ಅಡಿಕೆ ಮಾರುಕಟ್ಟೆ ಅಂದರೆ ಬರೀ ಅಂಗಳವಲ್ಲ, ತೂಕ, ಟೆಂಡರು, ದಲಾಲರು, ರಸೀದಿ ಎಲ್ಲ ಸೇರಿದ ವ್ಯವಸ್ಥೆ. ಪೋರ್ಟ್ ಕೂಡ ಹಾಗೆಯೇ.

ಪೋರ್ಟ್‌ಗೆ ನೀರೇ ಬೇಕೆಂದಿಲ್ಲ. ಏರ್‌ಪೋರ್ಟ್ ಇದೆ, ಪಂಜಾಬಿನ ಅಟ್ಟಾರಿಯಲ್ಲಿ ಲ್ಯಾಂಡ್ ಪೋರ್ಟ್ ಇದೆ. ಏರ್ ಹಾರ್ಬರ್, ಲ್ಯಾಂಡ್ ಹಾರ್ಬರ್ ಅಂತ ಯಾರೂ ಅನ್ನುವುದಿಲ್ಲ. ಸರಕು, ಜನ ಒಳಗೆ ಬರುವ, ಹೊರಗೆ ಹೋಗುವ ಅಧಿಕೃತ ಬಾಗಿಲು ಎಂಬುದು ಪೋರ್ಟ್‌ನ ತಿರುಳು. ಹಾರ್ಬರ್‌ನ ತಿರುಳು ಆಸರೆ. ಆ ಆಸರೆ ನಿಸರ್ಗವೇ ಕೊಟ್ಟದ್ದಾಗಬೇಕಿಲ್ಲ: ಪಣಂಬೂರಿನ ನವಮಂಗಳೂರು ಬಂದರಿನದು ನೆಲ ಅಗೆದು ಮಾಡಿದ ಹಾರ್ಬರ್.

ಉಳಿದವು ಕಟ್ಟಡದ ಹೆಸರುಗಳು. ದಡಕ್ಕೆ ಸಮಾನಾಂತರವಾಗಿ ಕಟ್ಟಿದ ಕಟ್ಟೆ ವಾರ್ಫ್; ಅದೇ ಕಲ್ಲಿನದೋ ಕಾಂಕ್ರೀಟಿನದೋ ಆಗಿ ಗಟ್ಟಿಯಾಗಿದ್ದರೆ ಕೀ. (ಬರೆಯುವಾಗ ಕ್ಯೂ-ಯು-ಎ-ವೈ, ಉಚ್ಚಾರ ‘ಕೀ’. ‘ಕ್ವೇ’ ಅನ್ನಬೇಡಿ.) ದಡದಿಂದ ನೀರಿನೊಳಕ್ಕೆ ಚಾಚಿಕೊಂಡದ್ದು ಜೆಟ್ಟಿ ಅಥವಾ ಪಿಯರ್. ಮೀನು ಇಳಿಸುವ ಕಟ್ಟೆಗೆ ಕರಾವಳಿಯವರು ‘ಧಕ್ಕೆ’ ಅಂದುಬಿಡುತ್ತಾರೆ, ಅದು ಚಾಚಿರಲಿ ಬಿಡಲಿ. ಒಂದು ಹಡಗು ಕಟ್ಟಿ ನಿಲ್ಲುವಷ್ಟು ಜಾಗ ಬರ್ತ್. ಒಂದೇ ವಾರ್ಫ್‌ನಲ್ಲಿ ಹಲವು ಬರ್ತ್ ಇರಬಹುದು. ಡಾಕ್ ಅಂದರೆ ಬ್ರಿಟಿಷ್ ಬಳಕೆಯಲ್ಲಿ ಕಟ್ಟಿ ಸುತ್ತುವರಿದ ನೀರಿನ ಕೊಳ, ಅಮೆರಿಕದವರಿಗೆ ಕಟ್ಟೆಯೇ ಡಾಕ್. ಹೇವನ್ ಈಗ ಹೆಚ್ಚಾಗಿ ‘ಸುರಕ್ಷಿತ ತಾಣ’ ಎಂಬ ಅರ್ಥದಲ್ಲೇ ಉಳಿದಿದೆ, ಟ್ಯಾಕ್ಸ್ ಹೇವನ್ ಅಂತಾರಲ್ಲ, ಹಾಗೆ.

ಒಂದರ ಬದಲು ಇನ್ನೊಂದನ್ನು ಹಾಕಿದರೆ ಏನು ಮಹಾ ಆಗುತ್ತದೆ ಅಂದುಕೊಳ್ಳಬೇಡಿ. ನಮ್ಮ ಕೆಲಸದಲ್ಲಿ ದುಡ್ಡು ಕೈಬಿಡುವುದು ಇಲ್ಲೇ. ಹಡಗು ಬಾಡಿಗೆಯ ಕರಾರಿನಲ್ಲಿ ಅದು ತಲುಪಬೇಕಾದ ಜಾಗ ‘ಪೋರ್ಟ್’ ಎಂದಿದೆಯೋ ‘ಬರ್ತ್’ ಎಂದಿದೆಯೋ ಎಂಬುದರ ಮೇಲೆ ಸರಕು ಇಳಿಸುವ ಗಡುವು ಯಾವಾಗ ಶುರು ಎಂಬುದು ನಿಂತಿದೆ. ಪೋರ್ಟ್ ಎಂದಿದ್ದರೆ ಹಡಗು ಬಂದರಿನ ಗಡಿಯೊಳಗೆ, ಹಡಗುಗಳು ಸಾಮಾನ್ಯವಾಗಿ ಕಾಯುವ ಜಾಗದಲ್ಲಿ ಲಂಗರು ಹಾಕಿ ‘ನಾವು ಸಿದ್ಧ’ ಎಂಬ ನೋಟಿಸ್ ಕೊಡಬಹುದು. ಬರ್ತ್ ಎಂದಿದ್ದರೆ ಕಟ್ಟೆಗೆ ಬಂದು ಕಟ್ಟಿದ ಮೇಲೆಯೇ ಆ ನೋಟಿಸಿಗೆ ಬೆಲೆ.

ಲೆಕ್ಕ ಹಾಕಿ ನೋಡಿ. ಡಾಂಬರು ತಂದ ಟ್ಯಾಂಕರ್ ಸೋಮವಾರ ಬೆಳಿಗ್ಗೆ 6 ಗಂಟೆಗೆ ಗಡಿಯೊಳಗೆ ಲಂಗರು ಹಾಕಿತು. ಬರ್ತ್ ಸಿಕ್ಕಿದ್ದು ಬುಧವಾರ ಬೆಳಿಗ್ಗೆ 6ಕ್ಕೆ. ಕರಾರಿನ ಗಡುವು 36 ಗಂಟೆ, ಸರಕು ಇಳಿಸಲು ಹಿಡಿದದ್ದು 30 ಗಂಟೆ. ಬರ್ತ್ ಕರಾರಾದರೆ ಗಡುವಿನಲ್ಲಿ ಇನ್ನೂ 6 ಗಂಟೆ ಉಳಿಯಿತು, ಕಾದ ಎರಡು ದಿನದ ನಷ್ಟ ಹಡಗಿನ ಮಾಲೀಕನದು. ಪೋರ್ಟ್ ಕರಾರಾದರೆ 48 ಮತ್ತು 30 ಸೇರಿ 78 ಗಂಟೆ. ಗಡುವು ಮೀರಿದ್ದು 42 ಗಂಟೆ. ಅಷ್ಟಕ್ಕೂ ಡೆಮರೇಜ್, ಅಂದರೆ ತಡವಾದದ್ದಕ್ಕೆ ಕೊಡುವ ಹಣ, ಕಟ್ಟಬೇಕಾದವನು ಹಡಗು ಬಾಡಿಗೆಗೆ ಹಿಡಿದವನು. (ನೋಟಿಸ್ ಕೊಟ್ಟ ಮೇಲೆ ಕೆಲವು ಗಂಟೆ ಬಿಟ್ಟು ಎಣಿಸುವ ಪದ್ಧತಿಯಿದೆ, ಲೆಕ್ಕ ಸಲೀಸಾಗಲಿ ಅಂತ ಇಲ್ಲಿ ಹಿಡಿದಿಲ್ಲ.) ‘ಬರ್ತ್ ಸಿಗಲಿ ಬಿಡಲಿ’ ಎಂಬ ಷರತ್ತು ಸೇರಿಸಿದ್ದರೆ ಬರ್ತ್ ಕರಾರಿನಲ್ಲೂ ಕಾಯುವಾಗಲೇ ನೋಟಿಸ್ ಕೊಡಬಹುದು, ಅದನ್ನೂ ಓದಬೇಕು. ಇಷ್ಟಿರುವಾಗ ಕನ್ನಡದ ಕರಡಿನಲ್ಲಿ ‘ಬಂದರಿನಲ್ಲಿ ಒಪ್ಪಿಸತಕ್ಕದ್ದು’ ಎಂದಷ್ಟೇ ಬರೆದರೆ ಇಂಗ್ಲಿಷಿಗೆ ತರುವವನು ಏನು ಹಾಕಬೇಕು? ಬರ್ತ್ ಎನ್ನಲು ‘ಹಡಗುಕಟ್ಟೆ’ ಅಂತ ಬಿಡಿಸಿ ಬರೆಯಿರಿ, ಇಲ್ಲವೇ ‘ಬರ್ತ್’ ಅಂತಲೇ ಇಡಿ.

ಬಳಕೆಯಲ್ಲಿ ಎಡವುವುದು ‘ದ’ ವಿಷಯಕ್ಕೆ. ಹಡಗು ಬಂದರಿನಲ್ಲಿದೆ ಅನ್ನಲು ‘ದ ಶಿಪ್ ಈಸ್ ಇನ್ ಪೋರ್ಟ್’, ಪೋರ್ಟ್‌ಗೆ ಮುಂಚೆ ‘ದ’ ಬೇಡ. ಬಂದರು ಬಿಟ್ಟಿತು ಅನ್ನಲು ‘ಲೆಫ್ಟ್ ಪೋರ್ಟ್’. ದಾರಿಯಲ್ಲಿ ಬಂದು ಹೋಗುವುದಕ್ಕೆ ‘ಕಾಲ್ಡ್ ಅಟ್ ಕಾರವಾರ್’. ನೀವು ಬಸ್ಸಿಳಿದು ಅಲ್ಲಿ ನಿಂತಿದ್ದರೆ ಮಾತ್ರ ‘ಅಟ್ ದ ಪೋರ್ಟ್’. ‘ಮೇಜರ್ ಪೋರ್ಟ್’ ಅಂದರೆ ದೊಡ್ಡದು ಅಂತಲ್ಲ, ಕೇಂದ್ರ ಸರ್ಕಾರದ ಕೆಳಗಿರುವುದು ಎಂದರ್ಥ. ಗೋವಾದ ಮುರಗಾಂವ್, ನಮ್ಮ ನವಮಂಗಳೂರು ಮೇಜರ್, ಕಾರವಾರ ರಾಜ್ಯದ್ದು.

ಹಾರ್ಬರ್ ಕ್ರಿಯಾಪದವೂ ಹೌದು: ಅಪರಾಧಿಗೆ ಆಶ್ರಯ ಕೊಡುವುದು, ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳುವುದು. ಈ ಎರಡೂ ಕಡೆ ಪೋರ್ಟ್ ಹಾಕಲು ಬರುವುದೇ ಇಲ್ಲ. ಕಾಗುಣಿತದಲ್ಲಿ ಬ್ರಿಟಿಷರು ಕೊನೆಯ ಆರ್‌ಗೆ ಮುಂಚೆ ಯು ಬರೆಯುತ್ತಾರೆ, ಅಮೆರಿಕದವರು ಬಿಡುತ್ತಾರೆ. ಪರ್ಲ್ ಹಾರ್ಬರ್ ಅಂಕಿತನಾಮವಾದ್ದರಿಂದ ಯಾವಾಗಲೂ ಯು ಇಲ್ಲದೆಯೇ.

ಪೋರ್ಟ್‌ಗೆ ಬೇರೆ ಅರ್ಥಗಳೂ ಇವೆ. ಮುಂದಕ್ಕೆ ಮುಖ ಮಾಡಿ ನಿಂತರೆ ಹಡಗಿನ ಎಡಮಗ್ಗುಲು ಪೋರ್ಟ್, ಅಲ್ಲಿ ಕೆಂಪು ದೀಪ. ಬಲಮಗ್ಗುಲು ಸ್ಟಾರ್‌ಬೋರ್ಡ್, ಹಸಿರು. ಎಡಕ್ಕೆ ಮೊದಲು ಲಾರ್‌ಬೋರ್ಡ್ ಅನ್ನುತ್ತಿದ್ದರು. ಗಾಳಿಯಲ್ಲಿ ಕೂಗಿದಾಗ ಎರಡೂ ಒಂದೇ ಥರ ಕೇಳಿಸುತ್ತಿದ್ದವು, ಅದಕ್ಕೇ ಬ್ರಿಟಿಷ್ ನೌಕಾಪಡೆ 1844ರಲ್ಲಿ ಪೋರ್ಟ್ ಎಂಬುದನ್ನೇ ಕಡ್ಡಾಯ ಮಾಡಿತು. ಮೊಬೈಲ್ ನಂಬರ್ ಪೋರ್ಟ್ ಮಾಡಿಸುವುದರಲ್ಲಿರುವುದು ‘ಹೊತ್ತೊಯ್ಯು’ ಎಂಬ ಲ್ಯಾಟಿನ್ ಧಾತು, ಬಂದರಲ್ಲ.

ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟು ಪೋರ್ಟ್‌ಗೆ ಸಮಾನಾರ್ಥಕ ಕೇಳಿದರೆ ಹಾರ್ಬರ್‌ಗೆ ಗುರುತು ಹಾಕಿ, ಅಂಕ ಸಿಗುತ್ತದೆ. ಬಿಟ್ಟ ಸ್ಥಳ ತುಂಬುವ ವಾಕ್ಯವಾದರೆ ಅಕ್ಕಪಕ್ಕದ ಪದ ನೋಡಿ: ಕಸ್ಟಮ್ಸ್, ಸರಕು, ದಸ್ತೂರಿ ಇದ್ದರೆ ಪೋರ್ಟ್, ಬಿರುಗಾಳಿ, ಲಂಗರು, ಆಸರೆ ಇದ್ದರೆ ಹಾರ್ಬರ್. ಒಂದು ಗಾದೆ ಮಾತ್ರ ಇದಕ್ಕೆ ಹೊರತು: ‘ಎನಿ ಪೋರ್ಟ್ ಇನ್ ಎ ಸ್ಟಾರ್ಮ್’. ಅಲ್ಲಿ ಬಿರುಗಾಳಿಯಿದ್ದರೂ ಪದ ಪೋರ್ಟೇ.