ಗಾಯ ಮಾಯ್ದಿದ್ದರೆ ತಾನೇ ಕೆದಕೋದು?

ಪ್ರೀತಿಯ ಮೇಷ್ಟ್ರೇ,

ಇಂಡೋನೇಷ್ಯಾದಲ್ಲಿ ಸೇನೆಯ ಜನರಲ್ ಆಗಿದ್ದು ಆಮೇಲೆ ಮೂರು ದಶಕ ದೇಶ ಆಳಿದ ಸುಹಾರ್ತೊ ಕಾಲದ ಇತಿಹಾಸವನ್ನು ಪ್ರಶ್ನಿಸುತ್ತಿರುವವರ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಬೇಸರದಿಂದ ಕಾಗದ ಬರೆದಿದ್ದೀರಿ. 'ಸರ್ಕಾರ ಬದಲಾದಾಗಲೆಲ್ಲ ಪಾಠ ಬದಲಾದರೆ ಮಕ್ಕಳು ಯಾವುದನ್ನು ನಂಬಬೇಕು? ಹಳೇ ಗಾಯ ಕೆದಕಿ ಏನು ಸಿಗುತ್ತೆ?' ಅಂತ ಕೇಳಿದ್ದೀರಿ. ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವರ ಪ್ರಶ್ನೆ ಇದು. ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ.

1965ರ ಅಕ್ಟೋಬರ್ 1ರ ನಸುಕಿನಲ್ಲಿ ಜಕಾರ್ತಾದಲ್ಲಿ ಸೇನೆಯೊಳಗಿನ ಸಂಚುಗಾರರು ಆರು ಮಂದಿ ಜನರಲ್‌ಗಳು ಮತ್ತು ಒಬ್ಬ ಯುವ ಅಧಿಕಾರಿಯನ್ನು ಕೊಂದು, ಲುಬಾಂಗ್ ಬುವಾಯಾ ಎಂಬಲ್ಲಿನ ಬಾವಿಗೆ ಎಸೆದರು. ಇದು ನಡೆದದ್ದು ನಿಜ. ಆಮೇಲೆ ಸೇನೆಯ ಪತ್ರಿಕೆಗಳು ಇನ್ನೊಂದು ಕಥೆ ಹಬ್ಬಿಸಿದವು. ಕಮ್ಯುನಿಸ್ಟ್ ಪಕ್ಷಕ್ಕೆ ಹತ್ತಿರವಿದ್ದ ಗೆರ್ವಾನಿ ಸಂಘದ ಹೆಂಗಸರು ಕುಣಿಯುತ್ತಾ ಜನರಲ್‌ಗಳ ಕಣ್ಣು ಕಿತ್ತರು, ಮರ್ಮಾಂಗ ಕತ್ತರಿಸಿದರು ಅಂತ. ಆ ಬಾವಿಯ ಹತ್ತಿರದ ಸ್ಮಾರಕದ ಉಬ್ಬುಶಿಲ್ಪದಲ್ಲಿ ಹೆಂಗಸರು ಕುಣಿಯುವ ದೃಶ್ಯ ಕೆತ್ತಿದ್ದಾರೆ. ಅದೇ ಕಥೆಯ ಸಿನಿಮಾವನ್ನು ಪ್ರತಿ ವರ್ಷ ಸೆಪ್ಟೆಂಬರ್ 30ರಂದು ಟೀವಿಯಲ್ಲಿ ಹಾಕುತ್ತಿದ್ದರು. ಶಾಲೆ ಮಕ್ಕಳು ನೋಡಲೇಬೇಕಿತ್ತು.

ಆದರೆ ಶವಗಳನ್ನು ಬಾವಿಯಿಂದ ತೆಗೆದ ದಿನವೇ ವೈದ್ಯರು ಪರೀಕ್ಷೆ ಮಾಡಿದ್ದರು. ಮಾಡಿ ಅಂತ ಹೇಳಿದವರು ಸ್ವತಃ ಸುಹಾರ್ತೊ! ಗುಂಡೇಟು, ಇರಿತ, ಮೂಳೆ ಮುರಿತ, ಎಲ್ಲವನ್ನೂ ವೈದ್ಯರು ಬರೆದಿಟ್ಟರು. ಕಣ್ಣು ಕಿತ್ತ ಗುರುತಿಲ್ಲ, ಮರ್ಮಾಂಗ ಕತ್ತರಿಸಿದ ಗುರುತೂ ಇಲ್ಲ. ಆ ವರದಿ ಕಡತದಲ್ಲೇ ಉಳಿಯಿತು. 1987ರಲ್ಲಿ ಅದನ್ನು ಪ್ರಕಟಿಸಿದ ಕಾರ್ನೆಲ್ ವಿಶ್ವವಿದ್ಯಾಲಯದ ಬೆನೆಡಿಕ್ಟ್ ಆ್ಯಂಡರ್ಸನ್‌ಗೆ ಆ ದೇಶದೊಳಗೆ ಕಾಲಿಡಲೂ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಆ ಸುಳ್ಳು ತನ್ನ ಕೆಲಸ ಮುಗಿಸಿಯಾಗಿತ್ತು. 1965-66ರಲ್ಲಿ ಕಮ್ಯುನಿಸ್ಟರು ಅನ್ನೋ ಹೆಸರಲ್ಲಿ ಸೇನೆ ಮತ್ತು ಅದರ ಜೊತೆಗಿದ್ದವರ ಕೈಯಲ್ಲಿ ಸತ್ತವರು ಕಡಿಮೆಯೆಂದರೂ ಐದು ಲಕ್ಷ ಜನ.

ಹಾಗಂತ ಕಮ್ಯುನಿಸ್ಟ್ ಪಕ್ಷದ್ದು ಏನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಪಕ್ಷದ ನಾಯಕ ಐದಿತ್‌ಗೆ ಸಂಚು ಗೊತ್ತಿತ್ತು ಅಂತಲೇ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಅದನ್ನೂ ಪಾಠದಲ್ಲಿ ಹೇಳಬೇಕು. ಆದರೆ ಜಾವಾ, ಬಾಲಿಯ ಹಳ್ಳಿಗಳಲ್ಲಿ ಹೆಣವಾದ ರೈತರಿಗೆ, ನಿಮ್ಮಂಥ ಮೇಷ್ಟ್ರುಗಳಿಗೆ ಏನು ಗೊತ್ತಿತ್ತು? ಅವರ ಸಾವು ಪಾಠಕ್ಕೆ ಬರಲೇ ಇಲ್ಲ.

ಗಾಯದ ಮಾತು ಎತ್ತಿದಿರಿ. ಕಮ್ಯುನಿಸ್ಟರು ಅಂತ ಹಿಡಿದು, ಆಮೇಲೆ ಜೈಲಿನಿಂದ ಬಿಟ್ಟು ಕಳಿಸಿದವರ ಗುರುತಿನ ಚೀಟಿಯಲ್ಲೂ 'ಮಾಜಿ ರಾಜಕೀಯ ಕೈದಿ' ಅಂತ ಗುರುತು ಹಾಕಿರುತ್ತಿದ್ದರು. ಅವರ ಮಕ್ಕಳಿಗೂ ಸರ್ಕಾರಿ ನೌಕರಿ ಇಲ್ಲ. ಮಾಯದ ಗಾಯವನ್ನು ಕೆದಕಿದರು ಅಂತ ಹೇಗೆ ಹೇಳೋದು, ಮೇಷ್ಟ್ರೇ?

1998ರ ಮೇ 21ರಂದು ಸುಹಾರ್ತೊ ಕೆಳಗಿಳಿದರು. ಆ ಸೆಪ್ಟೆಂಬರ್‌ನಲ್ಲಿ ಸಿನಿಮಾ ಬರಲಿಲ್ಲ. 2000ದಲ್ಲಿ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಕ್ಷಮೆ ಕೇಳಿದರು. ತಾವೇ ಮುನ್ನಡೆಸಿದ್ದ ನಹ್ದತುಲ್ ಉಲಮಾ ಎಂಬ ಮುಸ್ಲಿಂ ಸಂಘಟನೆಯವರೂ ಆ ಕೊಲೆಗಳಲ್ಲಿ ಕೈಜೋಡಿಸಿದ್ದರು ಅಂತ ಒಪ್ಪಿಕೊಂಡರು. ಅಂಥ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅದು ಮುಂದುವರಿಯಲಿಲ್ಲ. ಸಂಚಿನ ಹೆಸರಿಗೆ ಕಮ್ಯುನಿಸ್ಟ್ ಪಕ್ಷದ ಹೆಸರು ಅಂಟಿಸಿಲ್ಲ ಅನ್ನೋ ಕಾರಣಕ್ಕೆ 2007ರಲ್ಲಿ ಶಾಲಾ ಪುಸ್ತಕಗಳನ್ನೇ ನಿಷೇಧಿಸಿದರು. ಕೆಲವು ಊರುಗಳಲ್ಲಿ ಸರ್ಕಾರಿ ವಕೀಲರೇ ನಿಂತು ಸುಡಿಸಿದರು.

ಸರ್ಕಾರ ಬದಲಾದಾಗಲೆಲ್ಲ ಪಾಠ ಬದಲಾಗುತ್ತೆ ಅಂದಿರಲ್ಲ, ಅಲ್ಲಿ ಪಾಠ ಅಷ್ಟೇನೂ ಬದಲಾಗಲೇ ಇಲ್ಲ. ಹೊಸ ಸರ್ಕಾರ ಹೊಸ ಕಥೆ ಬರೆಯಲಿ ಅಂತ ನಾನೂ ಕೇಳುತ್ತಿಲ್ಲ. ಆ ಉಬ್ಬುಶಿಲ್ಪದ ಫೋಟೊ, ವೈದ್ಯರ ವರದಿ, ಎರಡನ್ನೂ ಹತ್ತನೇ ಕ್ಲಾಸಿನ ಮಕ್ಕಳ ಮುಂದಿಡಿ. ಯಾವುದನ್ನು ನಂಬಬೇಕು ಅಂತ ಅವರೇ ಹೇಳುತ್ತಾರೆ.

2025ರ ನವೆಂಬರ್ 10ರಂದು ಅಲ್ಲಿನ ಸರ್ಕಾರ ರಾಷ್ಟ್ರವೀರರ ಹೊಸ ಪಟ್ಟಿ ಪ್ರಕಟಿಸಿತು. ಅದರಲ್ಲಿ ಸುಹಾರ್ತೊ ಇದ್ದಾರೆ. ಕ್ಷಮೆ ಕೇಳಿದ ವಾಹಿದ್ ಇದ್ದಾರೆ. ಸುಹಾರ್ತೊ ಆಳ್ವಿಕೆಯಲ್ಲೇ, 1993ರಲ್ಲಿ ಕೊಲೆಯಾದ ಕಾರ್ಖಾನೆ ಕೆಲಸಗಾರ್ತಿ ಮಾರ್ಸಿನಾ ಕೂಡ ಇದ್ದಾರೆ. ಮೂವರೂ ಒಂದೇ ಪಟ್ಟಿಯಲ್ಲಿ ಹೇಗೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಅಲ್ಲಿನ ಮೇಷ್ಟ್ರುಗಳು ಹೆದರದೆ ಉತ್ತರ ಹೇಳುವಂತಾಗಲಿ ಅಂತ ನಿಮಗೂ ಆಸೆ ಇರುತ್ತೆ, ಅಲ್ವಾ?

ವಿಶ್ವಾಸದಿಂದ,
ಸಂಪಾದಕ