ಪಿಂಗ್ ಹೋಗುತ್ತೆ, ಸಾಫ್ಟ್‌ವೇರ್ ತೆರೆಯಲ್ಲ: ಹೊಸ ಸ್ವಿಚ್ ಹಾಕಲಾ, ಹೊಸ ಸರ್ವರೇ ತರಲಾ?

ಎರಡೂ ಬೇಡ. ಪಿಂಗ್ ಹೊಡೆದರೆ, ಅಂದರೆ ನೆಟ್‌ವರ್ಕಿನಲ್ಲಿ ‘ಇದ್ದೀಯಾ’ ಅಂತ ಕೂಗಿ ಕೇಳಿದರೆ, ಸರ್ವರಿನಿಂದ ಉತ್ತರ ಬರುತ್ತೆ, ಆದರೂ ಸಾಫ್ಟ್‌ವೇರ್ ತೆರೆಯಲ್ಲ, ಕಂಪ್ಯೂಟರುಗಳ ಕೇಬಲ್ಲುಗಳನ್ನು ಜೋಡಿಸುವ ಸ್ವಿಚ್ ಬದಲಿಸಲಾ ಅಂತ ಕೇಳಿದ್ದೀರಿ. ಕರೆಂಟು ಹೋಗಿ ಬಂದ ಮೇಲೆ ಮಾತ್ರ ಹೀಗಾಗುತ್ತೆ ಅಂತ ಬರೆದಿದ್ದೀರಲ್ಲ, ಆ ಒಂದು ಸಾಲಿಗೇ ನನಗೆ ತೀರ್ಥಹಳ್ಳಿಯ ಒಂದು ಮಳೆಗಾಲ ಕಣ್ಣಮುಂದೆ ಬಂತು.

ಆಗ ಅಡಿಕೆ ಮಂಡಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಚೌತಿ ಹತ್ತಿರ ಬಂದಿತ್ತು. ಹಬ್ಬದ ಖರ್ಚಿಗೆಂದು ಬೆಳೆಗಾರರು ಉಳಿಸಿಟ್ಟ ರಾಶಿ, ಬೆಟ್ಟೆ ಬಗೆಯ ಅಡಿಕೆ ಮೂಟೆಗಳನ್ನು ತಂದು ಹಾಕುತ್ತಿದ್ದರು. ಆಗುಂಬೆ ಕಡೆ ಮರ ಬಿದ್ದು ಲೈನು ಹೋದರೆ ಅರ್ಧ ದಿನ ಕರೆಂಟಿಲ್ಲ, ಯುಪಿಎಸ್ ಮುಕ್ಕಾಲು ಗಂಟೆಗೇ ಮುಗಿಯುತ್ತಿತ್ತು. ಕರೆಂಟು ಬಂದು ಎಲ್ಲ ಆನ್ ಮಾಡಿದರೆ ಕೌಂಟರಿನ ನಾಲ್ಕೂ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ತೆರೆಯುತ್ತಿರಲಿಲ್ಲ. ಸರ್ವರಿಗೆ ಪಿಂಗ್ ಹೊಡೆದೆ. ಕಳಿಸಿದ ನಾಲ್ಕು ಕೂಗಿಗೆ ನಾಲ್ಕೂ ಉತ್ತರ ಬಂತು. ನೆಟ್‌ವರ್ಕಿನಲ್ಲಿ ಸರ್ವರ್ ಸಿಗುತ್ತಿದೆ, ಕಾರ್ಡೋ ಸ್ವಿಚ್ಚೋ ನಡುನಡುವೆ ಕೈಕೊಡುತ್ತಿದೆ ಅಂತ ಸಾಹುಕಾರರಿಗೆ ಹೇಳಿಬಿಟ್ಟೆ.

ತಪ್ಪಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳಲೇಬೇಕು. 1983ರಲ್ಲಿ ಮೈಕ್ ಮೂಸ್ ಪಿಂಗ್ ಬರೆದಾಗ ಹೆಸರಿಟ್ಟದ್ದು ಸೋನಾರ್ ಸದ್ದಿನ ಮೇಲೆ: ಕೂಗೋದು, ಮರುದನಿ ಬರುತ್ತಾ ಅಂತ ಕೇಳೋದು. ತೋಟದ ಈಚೆಯಿಂದ ನಾವು ಕೂ ಹಾಕಿದಾಗ ಆಚೆ ಗುಡ್ಡದಿಂದ ಕೂ ಬಂದರೆ ಅಲ್ಲಿ ಯಾರೋ ಇದ್ದಾರೆ ಅಂತಷ್ಟೇ ಗೊತ್ತಾಗುತ್ತೆ. ನಾವು ಕರೆದವರೇ ಓಗೊಟ್ಟರಾ, ಗೊತ್ತಾಗಲ್ಲ. ಸರ್ವರಿಗೆಂದು ಕೊಟ್ಟಿದ್ದ 192.168.1.10 ವಿಳಾಸದಿಂದ ಉತ್ತರ ಬಂತು ಅಂದರೆ ಆ ವಿಳಾಸ ಹಿಡಿದ ಯಾವುದೋ ಒಂದು ಯಂತ್ರ ಉತ್ತರ ಕೊಟ್ಟಿತು, ಅಷ್ಟೇ. ಅದು ಸರ್ವರ್ ಅಂತ ನಾನು ತೀರ್ಮಾನಿಸಿಕೊಂಡೆ. ಉತ್ತರದ ಸಾಲಿನ ಕೊನೆಗೆ ಟಿಟಿಎಲ್ (ಆ ಸಂದೇಶ ಇನ್ನೆಷ್ಟು ರೂಟರ್ ದಾಟಬಹುದು ಅನ್ನೋ ಅಂಕಿ) 64 ಅಂತ ಪ್ರತಿಸಲವೂ ಬರುತ್ತಿತ್ತು. ಒಂದೇ ನೆಟ್‌ವರ್ಕಿನೊಳಗೆ ವಿಂಡೋಸ್ ಯಂತ್ರ ಉತ್ತರಿಸಿದರೆ ಸಾಮಾನ್ಯವಾಗಿ 128 ಬರುತ್ತೆ. 64 ಬಂದರೆ ಲಿನಕ್ಸ್ ಇರಬಹುದು. ನಮ್ಮ ಸರ್ವರ್ ವಿಂಡೋಸ್. ಆ ಎರಡಂಕಿಯನ್ನು ನಾನು ಓದಲಿಲ್ಲ.

ಹೊಸ ಸ್ವಿಚ್, ಹೊಸ ನೆಟ್‌ವರ್ಕ್ ಕಾರ್ಡ್ ತರಿಸಿದೆ, ಕೇಬಲ್ಲುಗಳ ತುದಿಯೆಲ್ಲ ಹೊಸದಾಗಿ ಕ್ರಿಂಪ್ ಮಾಡಿಸಿದೆ. 18,000 ರೂಪಾಯಿ ಹೋಯಿತು. ಒಂದು ವಾರ ಕರೆಂಟು ಹೋಗಲಿಲ್ಲ, ಎಲ್ಲ ಸರಿಯಾಯಿತು ಅಂದುಕೊಂಡೆ. ಆಮೇಲೆ ಮತ್ತೆ ಅದೇ ಕಥೆ, ಮೂರು ದಿನ ಕೈಬಿಲ್ಲು. ಮೇಗರವಳ್ಳಿ ಕಡೆಯ ವಯಸ್ಸಾದ ಬೆಳೆಗಾರರೊಬ್ಬರು ಮುಂಗಡದ ಲೆಕ್ಕ ಸಿಗದೆ, ದುಡ್ಡಿಲ್ಲದೆ ಕೊನೆ ಬಸ್ಸು ಹತ್ತಿದರು. ‘ಇರ್ಲಿ ಬಿಡೋ ಮಾರಾಯ, ನಾಳೆ ಬತ್ತೀನಿ’ ಅಂದರು. ಅದು ಇವತ್ತಿಗೂ ಮರೆತಿಲ್ಲ.

ಆ ರಾತ್ರಿ ಅಟ್ಟದ ಮೇಲಿದ್ದ ಸರ್ವರಿಗೆ ಮಾನಿಟರ್ ಹೊತ್ತುಕೊಂಡು ಹೋಗಿ ಜೋಡಿಸಿದೆ. ವಿಳಾಸ 169.254ರಿಂದ ಶುರುವಾಗಿತ್ತು, ಅಂದರೆ ತನ್ನ ವಿಳಾಸ ಸಿಗದೆ ವಿಂಡೋಸ್ ತಾನೇ ಹಾಕಿಕೊಂಡದ್ದು. ವಿಂಡೋಸ್ ಆಗುಹೋಗು ಬರೆದಿಡುವ ಇವೆಂಟ್ ಲಾಗಿನಲ್ಲಿ 4199 ಸಂಖ್ಯೆಯ ದೋಷ ಸಂದೇಶ: ಇದೇ ವಿಳಾಸ ಬೇರೆ ಯಂತ್ರದಲ್ಲಿದೆ. ಕೌಂಟರಿನ ಕಂಪ್ಯೂಟರಿನಲ್ಲಿ ಎಆರ್‌ಪಿ ಪಟ್ಟಿ (ಯಾವ ವಿಳಾಸ ಯಾವ ಯಂತ್ರದ್ದು ಅನ್ನೋ ಪಟ್ಟಿ) ತೆಗೆದರೆ, ಕೊನೆಗೆ 10 ಇರುವ ಆ ವಿಳಾಸದ ಎದುರಿಗಿದ್ದ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನದೇ ಗುರುತಿನ ಸಂಖ್ಯೆ, ಸರ್ವರಿನದಲ್ಲ; ಸಿಸಿಟಿವಿಯ ದೃಶ್ಯ ಮುದ್ರಿಸಿಕೊಳ್ಳುವ ಡಿವಿಆರ್‌ನದು. ಸರ್ವರಿಗೆ 10 ಅಂತ ಕೈಯಾರೆ ಕೊಟ್ಟವನು ನಾನು. ರೂಟರ್ ಮಾತ್ರ 2ರಿಂದ 254ರವರೆಗೆ ಎಲ್ಲ ವಿಳಾಸವನ್ನೂ ಬೇರೆ ಯಂತ್ರಗಳಿಗೆ ತಾನಾಗಿ ಹಂಚುತ್ತಿತ್ತು. ಕರೆಂಟು ಬಂದಾಗ ರೂಟರ್ ಹಳೆಯದನ್ನೆಲ್ಲ ಮರೆತು ಹೊಸದಾಗಿ ಹಂಚುತ್ತೆ. ಡಿವಿಆರ್ ಬೇಗ ಎದ್ದು 10 ಹಿಡಿಯುತ್ತೆ, ಸರ್ವರ್ ಆಮೇಲೆ ಎದ್ದು ಜಾಗವಿಲ್ಲದೆ ಹಿಂದೆ ಸರಿಯುತ್ತೆ. ಸರ್ವರ್ ಮೊದಲು ಎದ್ದ ದಿನ ಏನೂ ತೊಂದರೆಯಿಲ್ಲ. ಅದಕ್ಕೇ ತೊಂದರೆ ಪ್ರತಿಸಲ ಅಲ್ಲ, ‘ಒಮ್ಮೊಮ್ಮೆ’.

ರೂಟರಿನಲ್ಲಿ ಡಿಎಚ್‌ಸಿಪಿ ಹಂಚಿಕೆಯನ್ನು, ಅಂದರೆ ಅದು ತಾನಾಗಿ ಕೊಡುವ ವಿಳಾಸಗಳನ್ನು, 100ರಿಂದ 200ರವರೆಗೆ ಮಾತ್ರ ಅಂತ ಮಾಡಿದೆ; ಸರ್ವರಿನ 10 ಅದರ ಹೊರಗೆ ಉಳಿಯಿತು. ಎರಡು ನಿಮಿಷದ ಕೆಲಸ, ಖರ್ಚು ಸೊನ್ನೆ. ಆಮೇಲೆ ಮರುಕಳಿಸಲಿಲ್ಲ.

ಹಾಗಾಗಿ ಯಾವ ಕಂಪನಿಯ ಸ್ವಿಚ್ ಒಳ್ಳೆಯದು ಅನ್ನೋ ನಿಮ್ಮ ಇನ್ನೊಂದು ಪ್ರಶ್ನೆಗೆ ನಾನು ಉತ್ತರಿಸಲ್ಲ. ಆಫೀಸಿನಿಂದ ಗೋಡೌನಿಗೆ ತಾಮ್ರದ ಕೇಬಲ್ ಎಳೆದಿದ್ದರೆ ಮಾತ್ರ ಆ ಕೇಬಲ್ ಬದಲಿಸೋಕೆ ದುಡ್ಡು ಹಾಕಿ, ಫೈಬರ್ ಮಾಡಿಸಿ. ನಮ್ಮ ಕಡೆ ಸಿಡಿಲು ತಾಮ್ರದ ತಂತಿ ಹಿಡಿದೇ ಒಳಗೆ ಬರೋದು. ಮುಂದಿನ ಸಲ ಕೈಕೊಟ್ಟಾಗ ಸರ್ವರನ್ನು ರೀಸ್ಟಾರ್ಟ್ ಮಾಡಬೇಡಿ. ಮೊದಲು ಟಿಟಿಎಲ್ ಎಷ್ಟಿದೆ, ಎಆರ್‌ಪಿ ಪಟ್ಟಿಯಲ್ಲಿ ಯಾರ ಮ್ಯಾಕ್ ಇದೆ ನೋಡಿ, ಎರಡನ್ನೂ ಇಲ್ಲಿ ಬರೆಯಿರಿ. ಆ ಮ್ಯಾಕ್ ಸರ್ವರಿನದೇ ಆಗಿದ್ದರೆ ಆಗ ಫೈರ್‌ವಾಲ್ ನೋಡೋಣ, ಡೇಟಾಬೇಸ್ ಸರ್ವಿಸ್ ಶುರುವಾಗಿದೆಯಾ ನೋಡೋಣ.