ತೋಳುಪಟ್ಟಿ ಬೇಡ ಎಂದವನು ದ್ವೇಷಿಯೇ?

ನೀವು ಕೇಳಿದ್ದು ಇದು: ದೇವರನ್ನು ನಂಬುವ ಫುಟ್‌ಬಾಲ್ ಆಟಗಾರನೊಬ್ಬ ಸಲಿಂಗಿಗಳ ಹಕ್ಕನ್ನು ಬೆಂಬಲಿಸುವ ಕಾಮನಬಿಲ್ಲಿನ ತೋಳುಪಟ್ಟಿಯನ್ನು ಕಟ್ಟಿಕೊಳ್ಳುವುದಿಲ್ಲ ಎಂದರೆ ಅದು ದ್ವೇಷವೇ? ಕ್ಲಬ್ಬು ಅವನನ್ನು ಶಿಕ್ಷಿಸಬೇಕೇ?

ಬೇಡ ಎಂದಷ್ಟಕ್ಕೇ ಅದು ದ್ವೇಷವಾಗುವುದಿಲ್ಲ, ಅಷ್ಟಕ್ಕೆ ಶಿಕ್ಷೆಯೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹೀಗೆಂದ ಕೂಡಲೇ ನನ್ನ ಬೆನ್ನು ತಟ್ಟಲು ಬರುವ ಕೆಲವರಿದ್ದಾರೆ, ಅವರ ಜೊತೆಗೂ ನನಗೆ ತಕರಾರಿದೆ. ನಾನೂ ದಿನಕ್ಕೆರಡು ಬಾರಿ ದೇವರಿಗೆ ಕೈಮುಗಿಯುವವನು. 'ನನ್ನ ನಂಬಿಕೆ' ಎಂಬ ಮಾತು ಎಷ್ಟು ಸಲೀಸಾಗಿ ಗುರಾಣಿಯಾಗುತ್ತದೆ ಎಂಬುದನ್ನು ಬೇರೆ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

2024ರ ಡಿಸೆಂಬರ್ 3ರಂದು ಇಪ್ಸ್‌ವಿಚ್‌ನ ಪೋರ್ಟ್‌ಮನ್ ರೋಡ್ ಮೈದಾನದಲ್ಲಿ ನಡೆದ ಪಂದ್ಯವನ್ನೇ ನೋಡಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಗ ಸಲಿಂಗಿಗಳನ್ನು ಬೆಂಬಲಿಸಲು ನಾಯಕರು ಕಾಮನಬಿಲ್ಲಿನ ಪಟ್ಟಿ ಕಟ್ಟುವ 'ರೇನ್‌ಬೋ ಲೇಸಸ್' ಅಭಿಯಾನದ ದಿನಗಳು. ಇಪ್ಸ್‌ವಿಚ್ ನಾಯಕ ಸ್ಯಾಮ್ ಮೊರ್ಸಿ ಮುಸ್ಲಿಂ, ಈಜಿಪ್ಟ್ ಪರ ಆಡಿದವನು. ಅವನ ತೋಳಿನಲ್ಲಿದ್ದದ್ದು ಎಂದಿನ ಸಾಮಾನ್ಯ ಪಟ್ಟಿ. ಎದುರಾಳಿ ಕ್ರಿಸ್ಟಲ್ ಪ್ಯಾಲೇಸ್‌ನ ನಾಯಕ ಮಾರ್ಕ್ ಗೇಹಿ ಕ್ರೈಸ್ತ ಬೋಧಕರ ಮಗ. ಅವನು ಕಾಮನಬಿಲ್ಲಿನ ಪಟ್ಟಿಯನ್ನೇ ಕಟ್ಟಿದ್ದ, ಆದರೆ ಅದರ ಮೇಲೆ 'ಯೇಸು ನಿನ್ನನ್ನು ಪ್ರೀತಿಸುತ್ತಾನೆ' ಎಂದು ಬರೆದುಕೊಂಡಿದ್ದ, ಪ್ರೀತಿಯ ಜಾಗದಲ್ಲಿ ಹೃದಯದ ಗುರುತು. ಮೂರು ದಿನ ಮೊದಲು ನ್ಯೂಕಾಸಲ್ ವಿರುದ್ಧ 'ನಾನು ಯೇಸುವನ್ನು ಪ್ರೀತಿಸುತ್ತೇನೆ' ಎಂದು ಬರೆದಿದ್ದಕ್ಕೆ ಫುಟ್‌ಬಾಲ್ ಸಂಸ್ಥೆ ನಿಯಮವನ್ನು ನೆನಪಿಸಿತ್ತು. ಆಟಗಾರರ ಉಡುಪಿನ ಮೇಲೆ ಧಾರ್ಮಿಕ, ರಾಜಕೀಯ ಘೋಷಣೆಗಳು ಇರಬಾರದು ಎಂಬುದು ಆಟದ ನಿಯಮಗಳಲ್ಲೇ ಇದೆ. ನೆನಪಿಸಿದ ಮೇಲೂ ಅವನು ಬರೆದ, ಸಂಸ್ಥೆ ಮುಂದಿನ ಕ್ರಮಕ್ಕೆ ಹೋಗಲಿಲ್ಲ. ಪ್ಯಾಲೇಸ್ 1-0ರಿಂದ ಗೆದ್ದಿತು. ಗೋಲಿಗಿಂತ ತೋಳುಗಳ ಸುದ್ದಿಯೇ ದೊಡ್ಡದಾಯಿತು.

ಗೇಹಿಯ ಸುದ್ದಿ ಮೊದಲು ಓದಿದಾಗ ಜಾಣ ಹುಡುಗ ಎನ್ನಿಸಿತು, ಎರಡೂ ಕಡೆಯವರನ್ನು ಸಮಾಧಾನಪಡಿಸಿದ್ದಾನಲ್ಲ ಎಂದು. ಆಮೇಲೆ ಯೋಚಿಸಿದಂತೆ ಆ ಮೆಚ್ಚುಗೆ ಇಳಿಯಿತು. ಇನ್ನೊಬ್ಬರಿಗಾಗಿ ಇಟ್ಟ ಫಲಕದ ಮೇಲೆ ತನ್ನ ಮಾತು ಬರೆದಂತಾಯಿತು ಅದು. ಮೊರ್ಸಿಯ ದಾರಿ ನನಗೆ ಹೆಚ್ಚು ನೇರವೆನಿಸುತ್ತದೆ: ಕಟ್ಟುವುದಿಲ್ಲ ಎಂದ, ಕ್ಲಬ್ಬು ಅಭಿಯಾನವನ್ನು ಬೆಂಬಲಿಸುತ್ತಲೇ ಅವನ ತೀರ್ಮಾನವನ್ನು ಗೌರವಿಸುವುದಾಗಿ ಹೇಳಿತು, ಅವನು ಆಡಿದ. ಇನ್ನೊಂದು ತಮಾಷೆ ನೋಡಿ. ಆ ಋತುವಿನಲ್ಲಿ ಪ್ಯಾಲೇಸ್ ಜೆರ್ಸಿಯ ಎದೆಯ ಮೇಲಿದ್ದದ್ದು ಬೆಟ್ಟಿಂಗ್ ಕಂಪನಿಯ ಹೆಸರು. ತೋಳಿನಲ್ಲಿ ಯೇಸು, ಎದೆಯಲ್ಲಿ ಜೂಜು! ಹಾಗೆ ನೋಡಿದರೆ ರೇನ್‌ಬೋ ಲೇಸಸ್ ಕೂಡ 2013ರಲ್ಲಿ ಸಲಿಂಗಿಗಳ ಹಕ್ಕಿಗಾಗಿ ದುಡಿಯುವ ಸ್ಟೋನ್‌ವಾಲ್ ಸಂಸ್ಥೆಯೂ ಪ್ಯಾಡಿ ಪವರ್ ಎಂಬ ಬೆಟ್ಟಿಂಗ್ ಕಂಪನಿಯೂ ಸೇರಿ ಆರಂಭಿಸಿದ್ದು. ಜೂಜಿನವರು ಎರಡೂ ಕಡೆ ಕೈಯಿಟ್ಟವರು.

ಜೂಜಿನ ಮಾತು ಬಂದದ್ದರಿಂದ ಹೇಳುತ್ತೇನೆ. 2006ರಲ್ಲಿ ಸ್ಪೇನಿನ ಸೆವಿಯ್ಯಾ ಕ್ಲಬ್ಬಿನ ಮುಸ್ಲಿಂ ಆಟಗಾರ ಫ್ರೆಡರಿಕ್ ಕನೂಟೆ ತನ್ನ ಜೆರ್ಸಿಯ ಮೇಲಿದ್ದ ಬೆಟ್ಟಿಂಗ್ ಕಂಪನಿಯ ಹೆಸರನ್ನು ಧರ್ಮದ ಕಾರಣಕ್ಕೆ ಮುಚ್ಚಿಕೊಂಡಿದ್ದ. ಐರ್ಲೆಂಡಿನ ಜೇಮ್ಸ್ ಮೆಕ್ಲೀನ್ ಬ್ರಿಟಿಷ್ ಯೋಧರ ಸ್ಮರಣೆಯ ಗಸಗಸೆ ಹೂವಿನ ಗುರುತಿರುವ ಜೆರ್ಸಿಯನ್ನು 2012ರಿಂದ ನಿರಾಕರಿಸುತ್ತಲೇ ಬಂದ. ಅವನನ್ನು ಪ್ರೇಕ್ಷಕರು ವರ್ಷಗಟ್ಟಲೆ ಹೀಯಾಳಿಸಿದರು, ಆದರೂ ತನ್ನ ಆತ್ಮಸಾಕ್ಷಿಗೆ ಒಪ್ಪದ ಗುರುತನ್ನು ಧರಿಸದಿರುವ ಹಕ್ಕು ಅವನಿಗಿದೆ ಎಂದು ಬಹಳ ಮಂದಿ ಒಪ್ಪಿದರು. ಅದೇ ಅಳತೆಗೋಲನ್ನು ಮೊರ್ಸಿಗೂ ಹಿಡಿಯಬೇಕಲ್ಲವೇ?

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಹತ್ತಿರದ ಪ್ರಕರಣವೊಂದರಲ್ಲಿ ಗೆರೆ ಎಳೆಯಿತು. ಉತ್ತರ ಐರ್ಲೆಂಡಿನಲ್ಲಿ ಕ್ರೈಸ್ತ ದಂಪತಿಯ ಬೇಕರಿಯೊಂದು 'ಸಲಿಂಗ ವಿವಾಹವನ್ನು ಬೆಂಬಲಿಸಿ' ಎಂದು ಬರೆದ ಕೇಕ್ ಮಾಡಿಕೊಡಲು ಒಪ್ಪಿರಲಿಲ್ಲ. ಗಿರಾಕಿ ಸಲಿಂಗಿ ಎಂಬ ಕಾರಣಕ್ಕೆ ಕೇಕ್ ಮಾರುವುದಿಲ್ಲ ಎನ್ನುವಂತಿಲ್ಲ, ಆದರೆ ತಾನು ಒಪ್ಪದ ಮಾತನ್ನು ಬರೆದುಕೊಡು ಎಂದು ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ತೋಳುಪಟ್ಟಿ ಆ ಕೇಕಿನ ಮೇಲಿನ ಬರಹದ ಹಾಗೆ. ತಂಡದಲ್ಲಿ ಸಲಿಂಗಿ ಆಟಗಾರನಿದ್ದು, ಅವನಿಗೆ ಚೆಂಡು ಕೊಡುವುದಿಲ್ಲ, ಅವನ ಪಕ್ಕ ಬಟ್ಟೆ ಬದಲಾಯಿಸುವುದಿಲ್ಲ ಎಂದರೆ ಅದು ಕೇಕನ್ನೇ ಮಾರುವುದಿಲ್ಲ ಎಂದ ಹಾಗೆ. ಅಲ್ಲಿ ನಂಬಿಕೆಯ ಮಾತು ನಡೆಯಬಾರದು.

ಫ್ರಾನ್ಸಿನ ಕತೆ ಇಷ್ಟು ಸುಲಭವಲ್ಲ. 2024ರ ಮೇ 19ರಂದು ಫ್ರೆಂಚ್ ಲೀಗ್‌ನ ಮೊನಾಕೊ ಕ್ಲಬ್ಬಿನ ಮೊಹಮದ್ ಕಮರಾ, ನಾಂಟ್ ತಂಡದ ವಿರುದ್ಧದ ಪಂದ್ಯದಲ್ಲಿ ಎದೆಯ ಮೇಲಿನ ಲಾಂಛನವೊಂದನ್ನು ಬಿಳಿ ಟೇಪಿನಿಂದ ಮುಚ್ಚಿಕೊಂಡು ಆಡಿದ. ಆ ಲಾಂಛನದಲ್ಲಿ ಇದ್ದದ್ದು 'ಹೋಮೊಫೋಬಿ' ಎಂಬ ಪದ, ಅದರ ಮೇಲೆ ಅಡ್ಡಗೆರೆ. ಅಂದರೆ ಸಲಿಂಗಿಗಳ ದ್ವೇಷ ಬೇಡ, ಅಷ್ಟೇ. ಮದುವೆಯ ಮಾತಿಲ್ಲ, ಮೆರವಣಿಗೆಯ ಮಾತಿಲ್ಲ. ಯಾವ ಧರ್ಮದವನಾದರೂ ಇದಕ್ಕೆ ಟೇಪು ಹಚ್ಚಿದರೆ, ದ್ವೇಷ ಇರಲಿ ಎನ್ನುತ್ತಿದ್ದೀಯಾ ಎಂದು ಕೇಳುವ ಹಕ್ಕು ಉಳಿದವರಿಗೆ ಬರುತ್ತದೆ. ಲೀಗ್ ಅವನನ್ನು ನಾಲ್ಕು ಪಂದ್ಯಗಳಿಗೆ ಅಮಾನತು ಮಾಡಿತು. ಅದು ಹೆಚ್ಚಾಯಿತು ಎಂದು ನನಗನ್ನಿಸಲಿಲ್ಲ.

ಇನ್ನು ಸೆನೆಗಲ್‌ನ ಮುಸ್ಲಿಂ ಆಟಗಾರ ಇದ್ರಿಸ್ಸಾ ಗೇಯ್. ಅವನ ಕ್ಲಬ್ಬು, ಪ್ಯಾರಿಸ್ಸಿನ ಪಿಎಸ್‌ಜಿಯ ಆಟಗಾರರ ಬೆನ್ನಿನ ಸಂಖ್ಯೆಗಳಿಗೆ ಕಾಮನಬಿಲ್ಲಿನ ಬಣ್ಣ ಬಳಿದಿದ್ದ 2022ರ ಮೇ ತಿಂಗಳ ಪಂದ್ಯದಲ್ಲಿ ಅವನಿರಲಿಲ್ಲ, 'ವೈಯಕ್ತಿಕ ಕಾರಣ' ಎಂದರು ತರಬೇತುದಾರರು. ಹಿಂದಿನ ವರ್ಷದ ಅಂಥದ್ದೇ ಪಂದ್ಯಕ್ಕೂ ಅವನು ಇರಲಿಲ್ಲ. ಸೆನೆಗಲ್‌ನ ಅಧ್ಯಕ್ಷರೇ ಅವನ ಪರ ನಿಂತರು. ಅವನನ್ನು ಬೈಯುವ ಮೊದಲು ಇದನ್ನೂ ಗಮನಿಸಿ: ಆ ಕ್ಲಬ್ಬಿನ ಒಡೆತನ 2011ರಿಂದ ಕತಾರಿನದ್ದು, ಕತಾರಿನಲ್ಲಿ ಸಲಿಂಗ ಸಂಬಂಧ ಅಪರಾಧ. ಅದೇ ವರ್ಷ ನವೆಂಬರಿನಲ್ಲಿ ಕತಾರಿನ ವಿಶ್ವಕಪ್ಪಿನಲ್ಲಿ ತಾರತಮ್ಯ ವಿರೋಧಿಸುವ 'ಒನ್ ಲವ್' ಎಂಬ ಬಣ್ಣದ ಹೃದಯದ ತೋಳುಪಟ್ಟಿ ಕಟ್ಟಲು ತಾವಾಗಿಯೇ ಮುಂದೆ ಬಂದ ಯುರೋಪಿನ ನಾಯಕರಿಗೆ ಫಿಫಾ ಹಳದಿ ಕಾರ್ಡಿನ ಬೆದರಿಕೆ ಹಾಕಿತು, ಏಳು ತಂಡಗಳೂ ಹಿಂದೆ ಸರಿದವು. ಒಂದು ಹಳದಿ ಕಾರ್ಡಿಗೆ ಕರಗಿಹೋಗುವ ಬೆಂಬಲವನ್ನು ಒಬ್ಬ ಮಿಡ್‌ಫೀಲ್ಡರ್‌ನಿಂದ ಕಡ್ಡಾಯವಾಗಿ ಕೇಳುವುದು ಯಾವ ನ್ಯಾಯ?

ಅಮೆರಿಕದ ಕ್ರೈಸ್ತ ಆಟಗಾರ್ತಿ ಜೇಲೀನ್ ಹಿಂಕಲ್‌ಳನ್ನು ನಾನು ಒಪ್ಪುವುದಿಲ್ಲ, ಆದರೆ ಅವಳು ಲೆಕ್ಕ ಚುಕ್ತಾ ಮಾಡಿದವಳು. 2017ರಲ್ಲಿ ಕಾಮನಬಿಲ್ಲಿನ ಸಂಖ್ಯೆಯ ಜೆರ್ಸಿ ತೊಡಲಾರೆ ಎಂದು ರಾಷ್ಟ್ರೀಯ ತಂಡದ ಕರೆಯನ್ನೇ ಬಿಟ್ಟಳು, ಕಾರಣವನ್ನು ಮರುವರ್ಷ ಟಿವಿಯಲ್ಲಿ ಬಾಯಿಬಿಟ್ಟು ಹೇಳಿದಳು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ನಂಬುವವರು ಒಂದು ದಡ, ಸಲಿಂಗಿಗಳು ಇನ್ನೊಂದು ದಡ ಎಂಬಂತೆ ಕೇಳಿದ್ದೀರಿ. ಜಸ್ಟಿನ್ ಫಶಾನು ಎರಡೂ ಆಗಿದ್ದ. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹತ್ತು ಲಕ್ಷ ಪೌಂಡ್ ಕೊಟ್ಟು ಕರೆತಂದ ಸ್ಟ್ರೈಕರ್ ಅವನು. ಅಲ್ಲಿದ್ದಾಗಲೇ ಕ್ರೈಸ್ತ ನಂಬಿಕೆಯನ್ನು ಗಾಢವಾಗಿ ಅಪ್ಪಿಕೊಂಡ. 1990ರಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ. ಒಡಹುಟ್ಟಿದ ತಮ್ಮನೇ, ಅವನೂ ಫುಟ್‌ಬಾಲ್ ಆಟಗಾರನೇ, ಪತ್ರಿಕೆಯಲ್ಲಿ ಅವನನ್ನು ದೂರ ಮಾಡಿದ. 1998ರಲ್ಲಿ, 37ನೆಯ ವಯಸ್ಸಿನಲ್ಲಿ, ಫಶಾನು ಆತ್ಮಹತ್ಯೆ ಮಾಡಿಕೊಂಡ. ಬ್ರಿಟನ್ನಿನ ಪುರುಷರ ವೃತ್ತಿಪರ ಆಟದಲ್ಲಿ ಆಡುತ್ತಿರುವಾಗಲೇ ಆ ಮಾತು ಹೇಳಲು ಇನ್ನೊಬ್ಬ ಮುಂದೆ ಬಂದದ್ದು 2022ರಲ್ಲಿ, ಬ್ಲ್ಯಾಕ್‌ಪೂಲ್‌ನ ಹದಿನೇಳರ ಜೇಕ್ ಡೇನಿಯಲ್ಸ್.

2023ರ ಮೇನಲ್ಲಿ ಟುಲೂಸ್ ಕ್ಲಬ್ಬು ಬಣ್ಣದ ಸಂಖ್ಯೆ ಬೇಡವೆಂದ ಕೆಲವು ಆಟಗಾರರನ್ನು ತಂಡದಿಂದ ಹೊರಗಿಟ್ಟಾಗ ನನಗೆ ನೆನಪಾದವನು ವಿಸ್ಸೆಮ್ ಬೆಲ್ಗಾಸೆಮ್. ಅದೇ ಟುಲೂಸ್‌ನ ತರಬೇತಿ ಕೇಂದ್ರದಲ್ಲಿ ಬೆಳೆದವನು, ನಂಬಿಕೆಯುಳ್ಳ ಮುಸ್ಲಿಂ, ಸಲಿಂಗಿ. ಅದನ್ನು ಒಳಗೇ ಬಚ್ಚಿಟ್ಟುಕೊಂಡು ದಣಿದು ಆಟವನ್ನೇ ಬಿಟ್ಟ, 2021ರಲ್ಲಿ ಪುಸ್ತಕ ಬರೆದು ಹೇಳಿಕೊಂಡ. ಆ ಕ್ಲಬ್ಬಿನವರು ಎದುರು ಸಿಕ್ಕಿದ್ದರೆ ಜೆರ್ಸಿಯ ವಿಷಯ ನಾನು ಎತ್ತುತ್ತಿರಲಿಲ್ಲ. ಈಗ ನಿಮ್ಮ ಕೇಂದ್ರದಲ್ಲಿ ಅಂಥದ್ದೇ ಹದಿನೈದರ ಹುಡುಗನೊಬ್ಬನಿದ್ದರೆ, ಅವನು ಯಾರ ಕೋಣೆಯ ಬಾಗಿಲು ತಟ್ಟಬೇಕು ಎಂದು ಕೇಳುತ್ತಿದ್ದೆ.